ಹತ್ತನೆಯ ಚುಕ್ಕೆ

ಲಯೊನೆಲ್ ಲೂಬಾ ಪರದೆಯ ಮೇಲೆ ಒಂಬತ್ತು ಸಾರಾಯಿ ಭಟ್ಟಿಗಳ ಚಿತ್ರಗಳನ್ನು ಎರಡೆರಡಾಗಿ ಜೋಡಿಸಿ ನೋಡಿದ. ನಾಲ್ಕು ಸಾಲು ಸರಿಯಾಗಿ ಕೂತವು. ಐದನೆಯ ಸಾಲಿನಲ್ಲಿ ಒಂದೇ ಭಟ್ಟಿ, ಅದರ ಪಕ್ಕ ಒಂದು ಖಾಲಿ ಚೌಕ. ಆ ಚೌಕ ಮುಂದಿನ ಹಲ್ಲು ಬಿದ್ದವರ ನಗುವಿನ ಹಾಗೆ ಪರದೆಯ ಮೂಲೆಯಲ್ಲಿ ಕೂತು ಅವನನ್ನು ಅಣಕಿಸತೊಡಗಿತು. ತನ್ನ ಕೆಲಸದಲ್ಲಿ ಇಂಥ ಕುಂದು ಇರಬಾರದೆಂಬುದು ಲಯೊನೆಲ್‌ನ ಹಟ. ಅವನು ಹತ್ತನೆಯ ಭಟ್ಟಿಯೊಂದನ್ನು ಹುಟ್ಟಿಸಿಬಿಟ್ಟ.

"ಸೆಲೆಸ್ತಿನ್ ಚಿಕ್ಕಮ್ಮನ ಭಟ್ಟಿ" ಎಂದು ಬರೆದ. "ಫಲಕ ಇಲ್ಲ, ಫೋನ್ ಇಲ್ಲ. ಬಾಗಿಲನ್ನು ಎರಡು ಸಲ ತಟ್ಟಿ, ಹಾಲು ಇದೆಯೇ ಎಂದು ಕೇಳಿ." ನಕ್ಷೆಯಲ್ಲಿ ಅವಳಿಗೂ ಒಂದು ಚುಕ್ಕೆ ಬೇಕಲ್ಲ? ಕಾಡಿನ ನಡುವೆ ಏನೂ ಇಲ್ಲದ ಹಸಿರಿನಲ್ಲಿ, ಹಳೆಯ ಒರತೆಯೊಂದರ ಮಗ್ಗುಲಲ್ಲಿ ಅದನ್ನೂ ಇಟ್ಟ. ಪ್ರಾಮಾಣಿಕ ಮನುಷ್ಯನಾದ್ದರಿಂದ ಕೆಳಗೆ ಇರುವೆ ಗಾತ್ರದ ಅಕ್ಷರಗಳಲ್ಲಿ "ಕಲ್ಪಿತ, ನಮೂನೆಗೆ ಮಾತ್ರ" ಎಂದೂ ಸೇರಿಸಿದ. ಆಮೇಲೆ ಆಬ್ಸಿಂತ್ ದಾರಿ ಸಂಘದ ಒಂಬತ್ತು ಸದಸ್ಯರಿಗೂ ವೆಬ್‌ಸೈಟ್ ಮಾದರಿಯ ಕೊಂಡಿ ಕಳಿಸಿ, "ನಿಮ್ಮ ಕಣ್ಣಿಗೆ ಮಾತ್ರ" ಎಂದು ಬರೆದು, ನೆಮ್ಮದಿಯಾಗಿ ಮಲಗಿದ.

ವಾಲ್-ದ-ತ್ರಾವೆರ್ ಕಣಿವೆಯಲ್ಲೇ ಹುಟ್ಟಿ ಬೆಳೆದವನು ಹಾಗೆ ಬರೆಯಬಾರದಿತ್ತು. ಇಲ್ಲಿ "ನಿಮ್ಮ ಕಣ್ಣಿಗೆ ಮಾತ್ರ" ಎಂದರೆ ಬೆಳಗಾಗುವುದರೊಳಗೆ ಕಣಿವೆಯ ಎರಡೂ ತುದಿ ಮುಟ್ಟಬೇಕಾದ ಸುದ್ದಿ ಎಂದರ್ಥ.

ನಮ್ಮ ಕಣಿವೆ ಆಬ್ಸಿಂತ್‌ನ ತವರು. ದವನಕ್ಕೆ ದೊಡ್ಡಪ್ಪನಾಗಬೇಕಾದ ಒಂದು ಕಹಿ ಗಿಡ, ಒಂದಿಷ್ಟು ಸೋಂಪು, ಮನೆಮನೆಗೆ ಬೇರೆಯಾಗುವ ಇನ್ನೇನೇನೋ ಸೊಪ್ಪು ಸೇರಿಸಿ ಇಳಿಸುವ ಸಾರಾಯಿ ಅದು. ಸೀಸೆಯಲ್ಲಿದ್ದಾಗ ತಿಳಿನೀರು, ತಣ್ಣೀರು ಬೆರೆತೊಡನೆ ಹಾಲು. ಸರಕಾರ ಇದನ್ನು ತೊಂಬತ್ತೈದು ವರ್ಷ ನಿಷೇಧಿಸಿತ್ತು. ಆ ತೊಂಬತ್ತೈದು ವರ್ಷವೂ ಕಣಿವೆಯ ಅಡುಗೆಮನೆಗಳು ಇದನ್ನು ಇಳಿಸಿದವು, ಕಣಿವೆಯ ಜನ ಕುಡಿದರು, ಕೇಳಿದವರಿಗೆಲ್ಲ "ಅಂಥದ್ದೇನೂ ಇಲ್ಲವಲ್ಲ" ಎಂದರು. ನಿಷೇಧ ಹೋಗಿ ಇಪ್ಪತ್ತು ವರ್ಷ ಆಯಿತು. ಇಲ್ಲ ಎನ್ನುವ ಅಭ್ಯಾಸ ಮಾತ್ರ ಹೋಗಲಿಲ್ಲ.

ಈಗ ಭಟ್ಟಿಯಿಂದ ಭಟ್ಟಿಗೆ ಪ್ರವಾಸಿಗಳನ್ನು ಕರೆದೊಯ್ಯುವ ದಾರಿಯೊಂದನ್ನು ಮಾಡಿ, ಅದಕ್ಕೊಂದು ವೆಬ್‌ಸೈಟ್ ಬೇಕೆಂದು ಸಂಘ ನಿರ್ಧರಿಸಿತ್ತು. ಅದರ ಮಾದರಿ ತೋರಿಸುವ ಅವಕಾಶ ಲಯೊನೆಲ್‌ಗೆ ಸಿಕ್ಕಿತ್ತು. ಮರುದಿನ ಸಂಜೆ ನಾಲ್ಕಕ್ಕೆ ಸಭೆ. ಸಂಘ ಹೂಂ ಅಂದರೆ ಕೆಲಸ ಅವನದು, ಊಹೂಂ ಅಂದರೆ ಲೊಸಾನ್ ಪಟ್ಟಣದ ಒಂದು ಕಂಪನಿಗೆ. ಹೋದರೆ ಹೋಗಲಿ ಎನ್ನುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹೋದ ತಿಂಗಳಷ್ಟೇ ಅವನು ತನ್ನ ಭಾವ ರೇಮಿಯ ಕೈಗಡಿಯಾರದ ಕಾರ್ಖಾನೆಗೆ ರಾಜೀನಾಮೆ ಕೊಟ್ಟಿದ್ದ. ಸುಮ್ಮನೆ ಕೊಟ್ಟಿದ್ದರೆ ಆಗುತ್ತಿತ್ತು. ಮೇಜಿನ ಮೇಲೆ ಹತ್ತಿ ನಿಂತು, "ಕೂದಲೆಳೆಯಷ್ಟು ಸಣ್ಣ ತಿರುಪುಮೊಳೆಗಳಿಗೆ ಹೊಳಪು ಕೊಡೋದಕ್ಕೆ ದೇವರು ನನಗೆ ಈ ತಲೆ ಕೊಟ್ಟಿಲ್ಲ!" ಎಂದು ಇಪ್ಪತ್ತೆರಡು ಜನರೆದುರು ಭಾಷಣ ಮಾಡಿ ಕೊಟ್ಟಿದ್ದ. ಅಂಥ ಭಾಷಣ ಮಾಡಿದವನು ಅದೇ ಬಾಗಿಲಿಗೆ ಮರಳಿ ಹೋಗುವುದು ಸುಲಭವಲ್ಲ. ಆದರೆ ಹೋಗಬೇಕಾಗುತ್ತದೆಂದು ಲಯೊನೆಲ್ ಒಂದು ಕ್ಷಣವೂ ಎಣಿಸಿರಲಿಲ್ಲ. ಮಾದರಿ ಅಷ್ಟು ಚೆನ್ನಾಗಿ ಬಂದಿತ್ತು.

ಬೆಳಿಗ್ಗೆ ಏಳೂವರೆಗೆ ಯಾರೋ ಬಾಗಿಲನ್ನು ಎರಡು ಸಲ ತಟ್ಟಿದರು. ನೋಡಿದರೆ ಎದುರುಮನೆಯ ಗಾಸ್ಪಾರ್ ಝುವೆ. ಎಪ್ಪತ್ತೆಂಟರ ಮುದುಕ, ಸಂಘದ ಅತಿ ಹಿರಿಯ ಸದಸ್ಯ. ಒಂಬತ್ತು ಭಟ್ಟಿಗಳಲ್ಲಿ ಅತಿ ಕಡಿಮೆ ಜನ ಬರುವ ಭಟ್ಟಿ ಅವನದೇ.

"ಹಾಲು ಇದೆಯೇನಪ್ಪಾ?" ಎಂದು ಗಾಸ್ಪಾರ್ ಕಣ್ಣು ಮಿಟುಕಿಸಿದ.

"ಇದೆ, ಬನ್ನಿ. ಕಾಫಿಗೆ ಹಾಕ್ತೀನಿ."

"ಸಾಕು ಬಿಡೋ ನಾಟಕ. ಸೆಲೆಸ್ತಿನ್‌ಳನ್ನ ನಕ್ಷೇಲಿ ಹಾಕಿದ್ದೀಯಲ್ಲ, ಅವಳು ಒಪ್ಪಿದ್ಲಾ?"

"ಗಾಸ್ಪಾರಣ್ಣ, ಸೆಲೆಸ್ತಿನ್ ಅಂತ ಯಾರೂ ಇಲ್ಲ. ಚೌಕ ಖಾಲಿ ಇತ್ತು ಅಂತ ನಾನೇ ಹುಟ್ಟಿಸ್ದೆ."

ಗಾಸ್ಪಾರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮುದುಕನ ಕಣ್ಣಲ್ಲಿ ನೀರಾಡಿತು.

"ಶಾಬಾಶ್! ನಿಮ್ಮಜ್ಜ ನ್ಯೂಮಾನೂ ಹಿಂಗೇ ಹೇಳ್ತಿದ್ದ. ಪೊಲೀಸಿನೋನು ಭಟ್ಟಿ ಮೇಲೇ ಕೈ ಇಟ್ಟು ಇದೇನು ಅಂದ್ರೆ, ಇದಾ, ನಮ್ಮತ್ತೆ ಬಟ್ಟೆ ಬೇಯಿಸೋ ಹಂಡೆ ಅಂದಿದ್ದ. ರಕ್ತ ಅಂದ್ರೆ ಇದು ನೋಡು. ಕೆಳಗೆ ಕಲ್ಪಿತ ಅಂತ ಬೇರೆ ಬರೆದಿದ್ದೀಯ! ನಮ್ಮಪ್ಪ ಸೀಸೆ ಮೇಲೆ ಹಲ್ಲುನೋವಿನ ಔಷಧಿ ಅಂತ ಬರೀತಿದ್ದ. ನಿಂದು ಅದಕ್ಕಿಂತ ಒಂದು ಕೈ ಮೇಲು."

"ದೇವರಾಣೆ ಇಲ್ಲ ಕಣಣ್ಣ!"

"ಇಲ್ಲ, ಇಲ್ಲ. ಯಾರು ಇದ್ದಾಳೆ ಅಂದ್ರು ಈಗ? ಎಪ್ಪತ್ನಾಲ್ಕರಲ್ಲಿ ಅವಳ ಕೈಯಿಂದ ಒಂದು ಲೋಟ ಕುಡಿದಿದ್ದೆ. ಆ ರುಚಿ ಇನ್ನೂ ನಾಲಿಗೆ ಮೇಲಿದೆ. ನನ್ನ ಹೆಂಡ್ತಿಗೆ ಮಾತ್ರ ಅವಳನ್ನ ಕಂಡ್ರೆ ಆಗ್ತಿರ್ಲಿಲ್ಲ, ಪಾಪ."

ಹೀಗೆಂದು ಗಾಸ್ಪಾರ್ ಕಾಫಿಯನ್ನೂ ಕುಡಿಯದೆ, ಯಾರಿಗೋ ಹೇಳಬೇಕಾದ ತುರ್ತಿನಲ್ಲಿ, ಮೆಟ್ಟಿಲಿಳಿದು ಹೋದ. ಲಯೊನೆಲ್‌ಗೆ ನಗು ಬಂತು. ಮುದುಕನಿಗೆ ಅರಳುಮರಳು ಎಂದುಕೊಂಡು ಗಡ್ಡ ಬೋಳಿಸಲು ನಿಂತ. ಅರ್ಧ ಕೆನ್ನೆ ಆಗುವಷ್ಟರಲ್ಲಿ ಫೋನ್ ಬಂತು. ಸಂಘದ ಅಧ್ಯಕ್ಷೆ ಒದೆತ್ ಬಾರ್ಲೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಹೆಂಗಸು, ಲಯೊನೆಲ್‌ಗೂ ಹೇಳಿದವರು. ಶಾಲೆ ಬಿಟ್ಟ ಮೇಲೆ ಭಟ್ಟಿ ಹಾಕಿದ್ದರು, ದನಿ ಮಾತ್ರ ತರಗತಿಯದೇ ಉಳಿದಿತ್ತು.

"ಲೂಬಾ, ಯಾರ ಮನೆಯೋಳು ಅವಳು?"

"ಯಾರ ಮನೆಯೋಳೂ ಅಲ್ಲ ಮದಾಮ್. ಅವಳು ಇಲ್ಲ."

ಪಾಠ ಒಪ್ಪಿಸದ ಹುಡುಗರ ಮುಂದೆ ಎತ್ತುತ್ತಿದ್ದ ದನಿಯನ್ನೇ ಒದೆತ್ ಎತ್ತಿದರು.

"ಸರಿ. ಗಾಸ್ಪಾರ್‌ಗೆ ಹೇಳಿದ್ದೀಯ, ನಂಗೆ ಹೇಳೋದಿಲ್ಲ. ಅವನೇನೋ ಎಪ್ಪತ್ನಾಲ್ಕರಲ್ಲೇ ಕುಡಿದಿದ್ನಂತೆ. ನಾನೂ ಕುಡಿದಿದ್ದೀನಪ್ಪ, ಎಪ್ಪತ್ತೆರಡರಲ್ಲಿ! ಮನೆ ಎಲ್ಲಿ ಅಂತ ಮಾತ್ರ ಸ್ವಲ್ಪ ಮರೆತುಹೋಗಿದೆ. ನೋಡು, ನಾನು ಅಧ್ಯಕ್ಷೆ. ಕಣಿವೇಲಿ ಒಂದು ಭಟ್ಟಿ ಇದ್ದು ಅದು ನಂಗೆ ಗೊತ್ತಿಲ್ಲ ಅಂದ್ರೆ ನಾನು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ. ನಾಲ್ಕು ಗಂಟೆಗೆ ಅವಳನ್ನ ಸಭೆಗೆ ಕರ್ಕೊಂಡು ಬಾ. ಇಲ್ಲಾಂದ್ರೆ ಲೊಸಾನ್‌ನೋರು ಹೇಗೂ ಕಾಯ್ತಾ ಇದ್ದಾರೆ."

ಒದೆತ್ ಫೋನ್ ಇಟ್ಟರು. ಲಯೊನೆಲ್ ಕನ್ನಡಿಯಲ್ಲಿ ತನ್ನ ಅರ್ಧ ಬೋಳಿಸಿದ ಮುಖ ನೋಡಿಕೊಂಡ. ಅಷ್ಟಕ್ಕೆಲ್ಲ ಧೃತಿಗೆಡುವವನಲ್ಲ ಅವನು. ತಪ್ಪು ಪರದೆಯ ಮೇಲಾಗಿದೆ, ಪರದೆಯ ಮೇಲೇ ಸರಿಯಾಗುತ್ತದೆ. ಸೆಲೆಸ್ತಿನ್‌ಳನ್ನು ಅಳಿಸಿಹಾಕಿದರೆ ಮುಗಿಯಿತು. ಒಂದು ಗುಂಡಿ ಒತ್ತಿದ, ಹತ್ತನೆಯ ಚುಕ್ಕೆ ಮಾಯವಾಯಿತು. ಉಳಿದ ಅರ್ಧ ಗಡ್ಡವನ್ನು ಸಿಳ್ಳೆ ಹಾಕುತ್ತಾ ಬೋಳಿಸಿಕೊಂಡ.

ಹತ್ತೂವರೆಗೆ ಸೇತುವೆಯ ಪಕ್ಕದ ಕಾಫಿ ಅಂಗಡಿಗೆ ಹೋದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಅಂಗಡಿಯ ಒಡತಿ ಸಿಮೋನ್ ಅವನನ್ನು ಕಂಡದ್ದೇ ಗಲ್ಲಾಪೆಟ್ಟಿಗೆಯ ಮೇಲಿಂದ ಅರ್ಧ ದೇಹ ಆಚೆ ಚಾಚಿ ಪಿಸುಗುಟ್ಟಿದಳು. ಸಿಮೋನ್‌ಳ ಪಿಸುಮಾತು ಸೇತುವೆಯಾಚೆಗೂ ಕೇಳುತ್ತದೆ.

"ಅಳಿಸಿಬಿಟ್ಯಂತೆ! ಯಾರು ಹೆದರ್ಸಿದ್ರು? ಸುಂಕದೋರಾ?"

"ಯಾರೂ ಹೆದರ್ಸಿಲ್ಲ. ಇಲ್ಲದೇ ಇರೋದನ್ನ ಅಳಿಸ್ದೆ, ಅಷ್ಟೇ."

"ಹೂಂ ಮತ್ತೆ, ಇಲ್ಲದೇ ಇರೋದನ್ನ ಯಾರಾದ್ರೂ ಯಾಕೆ ಅಳಿಸ್ತಾರೆ?" ಎಂದಳು ಸಿಮೋನ್.

ಬೆಳಗಿನ ಹೊತ್ತು ಸೆಲೆಸ್ತಿನ್ ಬರಿಯ ಸುದ್ದಿಯಾಗಿದ್ದಳು. ಅಳಿಸಿದ ಮೇಲೆ ಸತ್ಯವಾಗಿಬಿಟ್ಟಿದ್ದಳು. ಅಂಚೆಯವನು ಅವಳಿಗೆ ತಿಂಗಳಿಗೊಂದು ಕಾಗದ ಕೊಡುತ್ತಿದ್ದೇನೆಂದು ಆಣೆ ಹಾಕಿದ. ಅವಳಿಗೆ ಎಡಗಾಲು ಸ್ವಲ್ಪ ಕುಂಟೆಂದು ಒಬ್ಬ, ಬಲಗಾಲೆಂದು ಇನ್ನೊಬ್ಬ. ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡವರು ಒಬ್ಬರೂ ಇಲ್ಲ. ನಮ್ಮ ಕಣಿವೆಯಲ್ಲಿ ಗುಟ್ಟು ಬಿಟ್ಟುಕೊಡುವುದು ಒಂದು ಅವಮಾನ, ಗುಟ್ಟು ತಿಳಿಯದಿರುವುದು ಅದರಪ್ಪನಂಥ ಅವಮಾನ. ಆಗಲೇ ಝೂರಿಕ್‌ನಿಂದ ಬಂದಿದ್ದ ಚಾರಣಿಗರ ತಂಡವೊಂದು ಅಳಿಸುವ ಮೊದಲೇ ತೆಗೆದಿಟ್ಟ ನಕ್ಷೆಯ ಚಿತ್ರವನ್ನು ಫೋನಿನಲ್ಲಿ ಹಿಡಿದುಕೊಂಡು ಕಾಡಿನ ಕಡೆ ಹೊರಟಿತ್ತು. ಹಿಂದೆ ಇನ್ನೆರಡು ಕಾರು.

ಹನ್ನೆರಡಕ್ಕೆ ಲಯೊನೆಲ್ ಮನೆಗೆ ಬಂದರೆ ಮೆಟ್ಟಿಲ ಮೇಲೆ ಬೂದು ಕೋಟಿನ ಸಭ್ಯ ವ್ಯಕ್ತಿಯೊಬ್ಬ ಕೂತಿದ್ದ. ಎದ್ದು ನಿಂತು, ಟೋಪಿ ತೆಗೆದು, ರಾಜಧಾನಿಯ ಸುಂಕದ ಇಲಾಖೆಯ ಎಗ್ಗಿಮನ್ ಎಂದು ಪರಿಚಯ ಹೇಳಿಕೊಂಡ.

"ನೋಂದಣಿ ಇಲ್ಲದ ಒಂದು ಭಟ್ಟಿಯ ವಿಚಾರ," ಎಂದ.

ಲಯೊನೆಲ್‌ಗೆ ಹೋದ ಜೀವ ಬಂದಂತಾಯಿತು. ಕೊನೆಗೂ ಹೊರಗಿನ ಮನುಷ್ಯ, ಬುದ್ಧಿ ನೆಟ್ಟಗಿರುವವನು! ಚೌಕ, ಹಲ್ಲು, ಇರುವೆ ಅಕ್ಷರ ಎಲ್ಲವನ್ನೂ ಬಿಡಿಸಿ ಹೇಳಿದ. ಎಗ್ಗಿಮನ್ ಮಧ್ಯೆ ಬಾಯಿ ಹಾಕದೆ ಕೇಳಿದ.

"ಬರೆದುಕೊಡ್ತೀರಾ?"

"ಈಗಲೇ ಕೊಡ್ತೀನಿ ಸ್ವಾಮಿ!" ಎಂದು ಲಯೊನೆಲ್ ಒಂದು ಹಾಳೆ ಎಳೆದು, "ಸೆಲೆಸ್ತಿನ್ ಎಂಬ ಹೆಂಗಸಾಗಲಿ ಅವಳ ಭಟ್ಟಿಯಾಗಲಿ ಇರುವುದಿಲ್ಲ" ಎಂದು ಬರೆದು ದಪ್ಪಗೆ ಸಹಿ ಹಾಕಿದ.

ಎಗ್ಗಿಮನ್ ಅದನ್ನು ಓದಿ ನಿಟ್ಟುಸಿರು ಬಿಟ್ಟ. "ನಮ್ಮ ಕಚೇರಿಯಲ್ಲಿ ಒಂದು ಬೀರು ಇದೆ, ಮಿಸ್ಟರ್ ಲೂಬಾ. ತುಂಬ ಇಂಥವೇ. 'ನಮ್ಮ ಮನೆಯಲ್ಲಿ ಭಟ್ಟಿ ಇರುವುದಿಲ್ಲ', 'ನನ್ನ ತಾಯಿಗೆ ಸಾರಾಯಿ ಎಂದರೇನೆಂದು ತಿಳಿಯದು.' ಎಲ್ಲ ನಿಮ್ಮ ಕಣಿವೆಯವೇ. ನ್ಯೂಮಾ ಲೂಬಾ ಎಂಬವರದೇ ಹನ್ನೊಂದು ಇದೆ. ಕೈಬರಹ ಕೂಡ ನಿಮ್ಮದರ ಹಾಗೇ ಇದೆ." ಹಾಳೆಯನ್ನು ಜೋಪಾನವಾಗಿ ಮಡಿಸಿಕೊಂಡು, ಕಾಡಿಗೆ ದಾರಿ ಯಾವುದೆಂದು ಕೇಳಿದ.

ಇನ್ನು ಸುಮ್ಮನಿದ್ದರೆ ಕೆಡುತ್ತದೆಂದು ಲಯೊನೆಲ್‌ಗೆ ಹೊಳೆಯಿತು. ಇಡೀ ಊರು ಮತ್ತು ಸುಂಕದ ಇಲಾಖೆ ಒಂದೇ ಜಾಗದಲ್ಲಿ ಸೇರುತ್ತವೆಂದರೆ ಅದು ಒಳ್ಳೆಯದೇ. ಒಂದೇ ಸಲಕ್ಕೆ ಎಲ್ಲರಿಗೂ ಹೇಳಿ, ಏನೂ ಇಲ್ಲವೆಂದು ಕಣ್ಣಾರೆ ತೋರಿಸಿ, ನಾಲ್ಕರೊಳಗೆ ಕೆಳಗಿಳಿದುಬಿಡಬಹುದು. ಹೊಸ ಹುಮ್ಮಸ್ಸಿನಿಂದ ಗುಡ್ಡ ಹತ್ತಿದ.

ಒರತೆಯ ಸುತ್ತ ಐವತ್ತು ಜನ ಇದ್ದರು. ನಮ್ಮ ಕಾಡಿನ ಒರತೆಗಳ ಬಳಿ ಒಂದು ಸೀಸೆ, ಒಂದು ಲೋಟ ಬಚ್ಚಿಟ್ಟಿರುವುದು ನಿಷೇಧದ ಕಾಲದಿಂದ ಬಂದ ರೂಢಿ. ದಣಿದು ಬಂದವನು ಒರತೆಯ ನೀರು ಬೆರೆಸಿ ಕುಡಿದು, ಸೀಸೆಯನ್ನು ಹಾಗೇ ಬಿಟ್ಟು ಹೋಗಬೇಕು. ಇಂದು ಅಲ್ಲಿ ಒಂದಲ್ಲ, ಒಂಬತ್ತು ಸೀಸೆಗಳಿದ್ದವು. ಕಲ್ಲಿನ ಸಂದಿಯಲ್ಲಿ ಎರಡು, ಜರೀಗಿಡದ ಕೆಳಗೆ ಮೂರು, ಉಳಿದವು ನೀರಿನ ತೊಟ್ಟಿಯೊಳಗೆ. ಒಂದರ ಮೇಲೂ ಹೆಸರಿಲ್ಲ, ಚೀಟಿಗಳನ್ನು ಆತುರದಲ್ಲಿ ಕಿತ್ತ ಗುರುತು ಮಾತ್ರ ಇತ್ತು. ಆದರೆ ಆ ಸೀಸೆಗಳ ಚಿತ್ರಗಳನ್ನು ಒಂದು ತಿಂಗಳು ಕೂತು ತಿದ್ದಿದ ಲಯೊನೆಲ್‌ನ ಕಣ್ಣು ತಪ್ಪುವುದೆಂತು? ಹಸಿರು ಅರಗಿನದು ಗಾಸ್ಪಾರ್‌ನದು. ಉದ್ದ ಕತ್ತಿನದು ಅಧ್ಯಕ್ಷೆ ಒದೆತ್ ಬಾರ್ಲೆಯವರದು. ಸಂಘದ ಒಂಬತ್ತು ಸದಸ್ಯರೂ ಒಬ್ಬರಿಗೊಬ್ಬರು ಕಾಣದ ಹಾಗೆ ಬಂದು ಸೆಲೆಸ್ತಿನ್‌ಳ ಹೆಸರಿನಲ್ಲಿ ಒಂದೊಂದು ಇಟ್ಟುಹೋಗಿದ್ದರು.

ಝೂರಿಕ್‌ನ ಒಬ್ಬ ಹೆಂಗಸು ಗಾಸ್ಪಾರ್‌ನ ಸೀಸೆಯಿಂದ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

"ಆಹಾ! ಕೆಳಗಿನ ಅಂಗಡಿಗಳಲ್ಲೆಲ್ಲಾ ಕುಡಿದೆ, ಎಲ್ಲಾ ನಮ್ಮಂಥ ಪ್ರವಾಸಿಗಳಿಗೆ ಮಾಡಿದ್ದು. ಇದು ಅಸಲಿ ಕಣ್ರೀ. ಇದು ಗುಟ್ಟಾಗಿ ಇಳಿಸಿದ್ದು ಅಂತ ನಾಲಿಗೆ ಮೇಲೇ ಗೊತ್ತಾಗುತ್ತೆ."

ಹತ್ತು ಹೆಜ್ಜೆ ದೂರದ ಮರದ ಹಿಂದೆ ಗಾಸ್ಪಾರ್ ಟೋಪಿ ಎದೆಗೊತ್ತಿಕೊಂಡು ನಿಂತಿದ್ದ. ಕೆನ್ನೆ ಒದ್ದೆಯಾಗಿತ್ತು. ಅದೇ ಹೆಂಗಸು ನಿನ್ನೆ ಅವನ ಭಟ್ಟಿಗೆ ಬಂದು, ಅದನ್ನೇ ಒಂದು ಗುಟುಕು ಕುಡಿದು, ಶೌಚಾಲಯ ಎಲ್ಲಿದೆ ಎಂದು ಕೇಳಿ ಹೋಗಿದ್ದಳು.

ಲಯೊನೆಲ್ ಒಂದು ಬೊಡ್ಡೆಯ ಮೇಲೆ ಹತ್ತಿ ಕೂಗಿದ: "ಎಲ್ಲರೂ ಕೇಳಿ! ಸೆಲೆಸ್ತಿನ್ ಇಲ್ಲ! ಅವಳು ಯಾವತ್ತೂ ಇರ್ಲಿಲ್ಲ!"

ಜನ ಒಬ್ಬೊಬ್ಬರಾಗಿ ತುಟಿಯ ಮೇಲೆ ಬೆರಳಿಟ್ಟುಕೊಂಡು ತಲೆಯಾಡಿಸಿದರು. "ಸರಿ ಸರಿ, ಇಲ್ಲ," ಎಂದು ಪಿಸುಗುಟ್ಟಿದರು. ಒಬ್ಬ ಅವನಿಗೂ ಒಂದು ಲೋಟ ತುಂಬಿ ಕೊಟ್ಟ.

ಎಗ್ಗಿಮನ್ ಕರ್ತವ್ಯದ ಮೇಲಿದ್ದುದರಿಂದ ಸಾಕ್ಷ್ಯಕ್ಕಾಗಿ ಮಾತ್ರ ಕುಡಿದ. ಒಂಬತ್ತು ಸೀಸೆಯಿಂದಲೂ ಸಾಕ್ಷ್ಯ ತೆಗೆದುಕೊಂಡ. ಕೆಲವನ್ನು ಎರಡೆರಡು ಸಲ ಪರಿಶೀಲಿಸಿದ. ಆಮೇಲೆ ಕನ್ನಡಕ ಏರಿಸಿ, ಬಿರಡೆಗಳ ಮೇಲಿನ ಮುದ್ರೆ ನೋಡಿ, "ಎಲ್ಲದಕ್ಕೂ ಸುಂಕ ಕಟ್ಟಿದೆ. ಅಕ್ರಮವಾದ್ದೇನೂ ಇಲ್ಲ," ಎಂದು ಬಹಳ ಬೇಸರದಿಂದ ಹೇಳಿ, ಬೊಡ್ಡೆಯೊಂದಕ್ಕೆ ಒರಗಿ ನಿದ್ದೆಹೋದ.

ನಾಲ್ಕು ಗಂಟೆಗೆ ಲಯೊನೆಲ್ ಸಭೆಯಲ್ಲಿ ನಿಂತಾಗ ಪ್ಯಾಂಟಿಗೆಲ್ಲಾ ಮುಳ್ಳು ಅಂಟಿತ್ತು. ಆದರೂ ಧೈರ್ಯ ಕುಂದಿರಲಿಲ್ಲ. ಮೊದಲನೆಯದಾಗಿ, ಅವನ ಮಾದರಿ ಅಷ್ಟು ಚೆನ್ನಾಗಿತ್ತು. ಎರಡನೆಯದಾಗಿ, ಸೆಲೆಸ್ತಿನ್ ಎಲ್ಲಿ ಎಂದು ಯಾರಾದರೂ ಕೇಳಿದರೆ ಒಂಬತ್ತು ಸೀಸೆಗಳ ವಿಷಯ ತೆಗೆಯಲು ಅವನು ಸಿದ್ಧನಾಗಿಯೇ ಬಂದಿದ್ದ. ಆಶ್ಚರ್ಯವೆಂದರೆ ಯಾರೂ ಕೇಳಲಿಲ್ಲ. ಒಂಬತ್ತು ಮಂದಿಯೂ ಒಬ್ಬರ ಮುಖ ಒಬ್ಬರು ನೋಡದೆ, ಮಡಿಲಲ್ಲಿ ಕೈಯಿಟ್ಟುಕೊಂಡು, ದೇವರ ಮನೆಯಲ್ಲಿ ಕೂತವರ ಹಾಗೆ ಕೂತಿದ್ದರು.

ಅವನು ಪರದೆ ಬೆಳಗಿಸಿದ. ಕಣಿವೆಯ ಹಸಿರು ನಕ್ಷೆ, ನಡುವೆ ಹೊಳೆ, ಹೊಳೆಯ ಎರಡು ದಡಕ್ಕೂ ಒಂಬತ್ತು ಬಂಗಾರದ ಚುಕ್ಕೆಗಳು. ಮುಟ್ಟಿದರೆ ಸಾಕು, ಭಟ್ಟಿಯ ಬಾಗಿಲು ತೆರೆದುಕೊಂಡು ಮಾಲೀಕನ ನಗುಮುಖ ಬರುತ್ತಿತ್ತು. ಲಯೊನೆಲ್ ಅರ್ಧ ಗಂಟೆ ಮಾತಾಡಿದ. ತನ್ನ ಮಾತಿಗೆ ತಾನೇ ಮೆಚ್ಚಿದ.

ಗಾಸ್ಪಾರ್ ಮೊದಲು ಗಂಟಲು ಸರಿಮಾಡಿಕೊಂಡ. "ಭಾಳ ಚೆನ್ನಾಗಿದೆ ಕಣಪ್ಪಾ. ನನ್ನ ಚುಕ್ಕೆ ಒಂದು ತೆಗೆದುಬಿಡು."

"ಯಾಕಣ್ಣ? ಬಣ್ಣ ಹಿಡಿಸ್ಲಿಲ್ವಾ?"

"ಬಣ್ಣ ಚಿನ್ನದಂಗಿದೆ. ಆದ್ರೆ ಕಾಣ್ಸುತ್ತೆ. ಅದೇ ತೊಂದ್ರೆ."

ಲಯೊನೆಲ್ ನಕ್ಕು ತೆಗೆದ. ಒಬ್ಬ ಮುದುಕನ ಹಟ, ಇರಲಿ. ಕೂಡಲೇ ಕಿಟಕಿಯ ಪಕ್ಕದವನು, "ಅವನದು ಕಾಣದೆ ನಂದು ಕಂಡ್ರೆ ಜನ ಏನಂತಾರೆ? ನಂದೂ ತೆಗಿ," ಎಂದ. ಅವನ ಪಕ್ಕದವಳು ನನ್ನ ಫೋನ್ ನಂಬರೂ ಬೇಡ ಎಂದಳು. ಹೀಗೆ ಒಂದೊಂದೇ ಬಂಗಾರದ ಚುಕ್ಕೆ ಆರುತ್ತಾ ಬಂತು. ಕೊನೆಗೆ ಒದೆತ್ ಎದ್ದು ನಿಂತು, "ಅಧ್ಯಕ್ಷೆ ಅಂತ ನಂಗೊಬ್ಬಳಿಗೇ ಯಾಕಪ್ಪಾ ಈ ಶಿಕ್ಷೆ?" ಎಂದು ಕೇಳಿದರು. ಒಂಬತ್ತನೆಯದೂ ಹೋಯಿತು. ಪರದೆಯ ಮೇಲೆ ಕಾಡು, ಹೊಳೆ, ಹುಲ್ಲುಗಾವಲು. ಇಡೀ ಕಣಿವೆಯಲ್ಲಿ ಒಂದು ತೊಟ್ಟು ಸಾರಾಯಿಯ ಸುಳಿವಿರಲಿಲ್ಲ.

ಒಂಬತ್ತು ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಂಘ ಹುಟ್ಟಿದ ಮೇಲೆ ಯಾವ ವಿಷಯಕ್ಕೂ ಎಲ್ಲರೂ ಒಪ್ಪಿದ್ದೇ ಇಲ್ಲ. ಇಂದು ಒಪ್ಪಿದರು. ಒದೆತ್ ಬಂದು ಅವನ ಎರಡೂ ಕೆನ್ನೆಗೆ ಮುತ್ತಿಟ್ಟರು.

"ಒಮ್ಮತ ಲೂಬಾ, ಒಮ್ಮತ! ಇಂಥ ವೆಬ್‌ಸೈಟ್ ಇಡೀ ದೇಶದಲ್ಲಿ ಯಾರ ಹತ್ರಾನೂ ಇಲ್ಲ. ಲೊಸಾನ್‌ನೋರಿಗೆ ಆಗಲೇ ಬರೆದುಹಾಕಿದ್ದೀನಿ, ಇಲ್ಲಿ ಅಂಥ ದಾರಿ ಏನೂ ಇಲ್ಲ ಅಂತ."

ಲಯೊನೆಲ್‌ನ ಎದೆ ಒಂದು ಗೇಣು ಹಿಗ್ಗಿತು. ಗೆದ್ದೇ ಬಿಟ್ಟಿದ್ದ. ಖಾಲಿಯಾದರೇನು, ಕೆಲಸ ಕೆಲಸವೇ. ಋತುವಿಗೊಂದು ಹಸಿರು ಬದಲಾಯಿಸಿಕೊಂಡಿದ್ದರೂ ಜೀವನ ಸಾಗುತ್ತದೆ.

"ಹಾಗಾದ್ರೆ ಸೋಮವಾರ ಎಲ್ಲರಿಗೂ ತೆರೆದುಬಿಡ್ತೀನಿ ಮದಾಮ್!"

ಚಪ್ಪಾಳೆ ನಿಂತಿತು. ಒಂಬತ್ತು ಮುಖಗಳೂ ಬಿಳುಚಿಕೊಂಡವು.

"ತೆರೆಯೋದಾ?" ಎಂದರು ಒದೆತ್. "ತೆರೆದ್ರೆ ಎಲ್ಲರೂ ನೋಡಿಬಿಡ್ತಾರಲ್ಲೋ!"

"ಅದನ್ನ ಬಚ್ಚಿಡೋ ಮಗನೇ," ಎಂದು ಗಾಸ್ಪಾರ್ ಅವನ ಭುಜ ಹಿಡಿದ. "ಭದ್ರವಾಗಿ ಬಚ್ಚಿಡು. ನಿಮ್ಮಜ್ಜ ಹಂಡೆ ಬಚ್ಚಿಟ್ಟ ಹಾಗೆ. ಜನ ಹುಡುಕ್ಲಿ."

"ಮತ್ತೆ... ನನ್ನ ಕೆಲಸ?"

"ಮುಗೀತಲ್ಲ ಮಾರಾಯ! ಎಷ್ಟು ಚೆನ್ನಾಗಿ ಮುಗಿಸ್ದೆ!"

ಕೆಲಸ ನನ್ನದೆಂದು ಬರೆದುಕೊಡುತ್ತೀರಾ ಎಂದು ಲಯೊನೆಲ್ ಕೇಳಿದ್ದಕ್ಕೆ ಒಂಬತ್ತು ಮಂದಿಯೂ ಒಟ್ಟಿಗೇ ನಕ್ಕರು. ಇಂಥದ್ದನ್ನೆಲ್ಲ ನಮ್ಮ ಕಣಿವೆಯಲ್ಲಿ ಯಾರು ಬರೆದುಕೊಡುತ್ತಾರೆ?

ಹೊರಗೆ ಅಂಗಳದಲ್ಲಿ ಭಾವ ರೇಮಿ ಕಾರಿಗೆ ಒರಗಿ ಕಾಯುತ್ತಿದ್ದ. ಒಳಗಿನ ಚಪ್ಪಾಳೆ ಅವನಿಗೂ ಕೇಳಿಸಿತ್ತು.

"ಏನಪ್ಪಾ, ನಿನ್ನ ವೆಬ್‌ಸೈಟ್ ಏನಾಯ್ತು?"

ಲಯೊನೆಲ್ ಪ್ಯಾಂಟಿನಿಂದ ಒಂದು ಮುಳ್ಳು ಕಿತ್ತೆಸೆದ. ಇಡೀ ದಿನದಲ್ಲಿ ಅವನು ಒಂದು ಸುಳ್ಳೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ.

"ವೆಬ್‌ಸೈಟ್ ಇಲ್ಲ ಭಾವ. ಕೆಲಸಾನೂ ಇಲ್ಲ."

ರೇಮಿಯ ಮುಖ ಅಗಲವಾಗಿ ಅರಳಿತು. ಬೆನ್ನ ಮೇಲೆ ರಪ್ಪನೆ ಹೊಡೆದು, ಕಾರಿನ ಬಾಗಿಲು ತೆರೆದು, ಕಿವಿಯ ಹತ್ತಿರ ಬಾಗಿದ.

"ಅಂದ್ರೆ ಅಷ್ಟು ದೊಡ್ಡ ಕೆಲಸ ಸಿಕ್ಕಿದೆ ಅನ್ನು! ಸೋಮವಾರ ಏಳಕ್ಕೆ ಬಂದು ಮೊಳೆ ಉಜ್ಜೋಕೆ ಕೂತ್ಕೋ. ಯಾರಿಗೂ ಒಂದು ಚೂರೂ ಅನುಮಾನ ಬರಲ್ಲ."